ಸಿ ಲ್ಯಾಬಿನಲ್ಲಿ ಕ್ಯೂಸಾರ್ಟ್‌ಗೂ ಜಾಗ ಸಿಗಲಿ

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗರಿಗೆ ಸಿ ಪ್ರೋಗ್ರಾಮಿಂಗ್ ಟ್ಯೂಷನ್ ಹೇಳುತ್ತೇನೆ. ಬರುವವರೆಲ್ಲ ಬಬಲ್ ಸಾರ್ಟ್ (ಪಕ್ಕಪಕ್ಕದ ಎರಡನ್ನು ಹೋಲಿಸಿ ಅದಲುಬದಲು ಮಾಡುತ್ತಾ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ವಿಧಾನ) ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಎರಡು ಫಾರ್ ಲೂಪ್, ಒಂದು ಟೆಂಪ್, ಮುಗೀತು. ಕ್ಯೂಸಾರ್ಟ್ (qsort) ಎಂದರೆ ಮುಖ ಮುಖ ನೋಡುತ್ತಾರೆ. ಪಟ್ಟಿ ಜೋಡಿಸಿಕೊಡಲು ಸಿ ಜೊತೆಗೇ ಸಿದ್ಧವಾಗಿ ಬರುವ, 1989ರ ಆನ್ಸಿ ಸಿ ಮಾನದಂಡದಲ್ಲೇ ಇರುವ ಫಂಕ್ಷನ್ ಇದು. ನಮ್ಮ ಹುಡುಗನೊಬ್ಬ ಪ್ರಾಕ್ಟಿಕಲ್‌ನಲ್ಲಿ ಅದನ್ನು ಬರೆದದ್ದಕ್ಕೆ ‘ರೆಡಿಮೇಡ್ ನಡೆಯಲ್ಲ’ ಎಂದು ಅಂಕ ಕತ್ತರಿಸಿದರಂತೆ. ಹಾಗಾದರೆ ಪರದೆ ಮೇಲೆ ಉತ್ತರ ತೋರಿಸುವ ಪ್ರಿಂಟ್‌ಎಫ್ ಕೂಡ ರೆಡಿಮೇಡೇ ಅಲ್ವಾ?

ಬಬಲ್ ಸಾರ್ಟ್ ಬೇಡ ಎನ್ನುತ್ತಿಲ್ಲ. ಲೂಪ್ ಕೈಗೆ ಹತ್ತಲು ಅದು ಬೇಕು. ಆದರೆ ಪುಸ್ತಕದಲ್ಲಿರುವ ಹಾಗೇ ಬರೆದರೆ ಸಾವಿರ ಹೆಸರಿಗೆ ಹೆಚ್ಚುಕಡಿಮೆ 5 ಲಕ್ಷ ಸಲ ಹೋಲಿಸುತ್ತದೆ. ಅಲ್ಲೇ ನಿಂತರೆ ಹೇಗೆ?

ಕ್ಯೂಸಾರ್ಟ್‌ಗೆ ನಾಲ್ಕು ಸಂಗತಿ ತಿಳಿಸಬೇಕು. ಅರೇ, ಅಂದರೆ ಜೋಡಿಸಬೇಕಾದ ಪಟ್ಟಿ, ಎಲ್ಲಿದೆ, ಅದರಲ್ಲಿ ಎಷ್ಟಿವೆ, ಒಂದೊಂದು ಎಷ್ಟು ಬೈಟ್, ಕೊನೆಗೆ ಎರಡನ್ನು ಹೋಲಿಸುವ ಫಂಕ್ಷನ್. ಆ ಕೊನೆಯದನ್ನು ನಾವೇ ಬರೆಯಬೇಕು. ಮೊದಲನೆಯದು ಮುಂದೆ ಬರಬೇಕಾದರೆ ಅದು ಮೈನಸ್ ಸಂಖ್ಯೆ ಕೊಡಬೇಕು, ಎರಡೂ ಸಮ ಇದ್ದರೆ ಸೊನ್ನೆ, ಹಿಂದೆ ಹೋಗಬೇಕಾದರೆ ಪ್ಲಸ್. ತಲೆಗೆ ಕೆಲಸ ಬೀಳುವುದು ಇಲ್ಲೇ. ಹುಡುಗರು ಸುಮ್ನೆ ‘ಎ ಮೈನಸ್ ಬಿ’ ಎಂದು ಬರೆದುಬಿಡುತ್ತಾರೆ. 200 ಕೋಟಿಯಲ್ಲಿ ಮೈನಸ್ 200 ಕೋಟಿ ಕಳೆದರೆ 400 ಕೋಟಿ ಆಗುತ್ತದೆ. ಪೂರ್ಣಾಂಕ ಇಡುವ 32 ಬಿಟ್‌ನ ಇಂಟ್‌ನಲ್ಲಿ ಹಿಡಿಸುವುದು 214 ಕೋಟಿ ಚಿಲ್ಲರೆ. ದೊಡ್ಡದು ಚಿಕ್ಕದಾಗಿ ಕಾಣಬಹುದು, ಕಂಪೈಲರ್ ಬಾಯಿ ಬಿಡುವುದಿಲ್ಲ.

ಕನ್ನಡ ಹೆಸರು ಕೊಟ್ಟರಂತೂ ಇನ್ನೂ ಮಜಾ. ನಮ್ಮ ಜಿಲ್ಲೆಯ ಊರುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಲು ಹೇಳಿದೆ. ಹೋಲಿಸಲು ಎಲ್ಲರೂ ಸ್ಟ್ರಿಂಗ್‌ಕಂಪೇರ್ (ಎರಡು ಪದ ಹೋಲಿಸುವ ಸಿ ಫಂಕ್ಷನ್, strcmp) ಹಾಕಿದರು. ಬಳ್ಳೊಳ್ಳಿ ಮೊದಲು ಬಂತು, ಬಸವನ ಬಾಗೇವಾಡಿ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಎಲ್ಲಕ್ಕಿಂತ ಕೊನೆಗೆ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದನ್ನು ಲ ಪಕ್ಕದಲ್ಲಿ, ವ ಕ್ಕಿಂತ ಮುಂಚೆ ಕೂರಿಸಿದ್ದಾರೆ. ಸ್ಟ್ರಿಂಗ್‌ಕಂಪೇರ್ ನೋಡುವುದು ಬೈಟ್ ಮಾತ್ರ, ಅದಕ್ಕೆ ವರ್ಣಮಾಲೆ ಗೊತ್ತಿಲ್ಲ. ಒಬ್ಬಳು ಹುಡುಗಿ ಪ್ರತಿ ಅಕ್ಷರಕ್ಕೂ ಕ್ರಮಸಂಖ್ಯೆ ಕೊಟ್ಟು, ಳ ಗೆ ಹ ಕ್ಕಿಂತ ದೊಡ್ಡ ಸಂಖ್ಯೆ ಇಟ್ಟು, ಹೋಲಿಸುವ ಫಂಕ್ಷನ್ ಹೊಸದಾಗಿ ಬರೆದಳು. ಕ್ಯೂಸಾರ್ಟ್ ಕರೆಯುವ ಸಾಲಿನಲ್ಲಿ ಆ ಫಂಕ್ಷನ್ ಹೆಸರೊಂದೇ ಬದಲಾಯಿತು. ಪಟ್ಟಿ ಸರಿ ಬಂತು. ಇದನ್ನು ರೆಡಿಮೇಡ್ ಎನ್ನುವವರು ಒಮ್ಮೆ ಬರೆದು ನೋಡಲಿ.

ಸಮ ಇರುವ ಎರಡರಲ್ಲಿ ಯಾವುದು ಮೊದಲು ಬರುತ್ತದೆ ಎಂಬ ಖಾತ್ರಿ ಕ್ಯೂಸಾರ್ಟ್ ಕೊಡುವುದಿಲ್ಲ. ಅಂಕಪಟ್ಟಿ ಜೋಡಿಸುವಾಗ, ಅಂಕ ಸಮ ಬಂದರೆ ರೋಲ್ ನಂಬರ್ ನೋಡು ಎಂದು ನಾವೇ ಬರೆಯಬೇಕು. ಹುಡುಗರಿಗೆ ಇದೂ ಗೊತ್ತಿರಬೇಕು.

ಪಠ್ಯಕ್ರಮ ಮಾಡುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಲ್ಯಾಬ್ ಮ್ಯಾನುಯಲ್‌ನಲ್ಲಿ ಬಬಲ್ ಸಾರ್ಟ್ ಆದ ಮೇಲೆ ಕ್ಯೂಸಾರ್ಟ್‌ನದೂ ಒಂದು ಪ್ರೋಗ್ರಾಂ ಇರಲಿ. ಲೈಬ್ರರಿ ಫಂಕ್ಷನ್ ಬಳಸಬಾರದು ಎಂದಿದ್ದರೆ ಪ್ರಶ್ನೆಯಲ್ಲೇ ಹಾಗೆಂದು ಬರೆಯಲಿ.

— ಸಿ ಟ್ಯೂಷನ್ ಮಾಸ್ತರ, ವಿಜಯಪುರ