ತೊಳೆದ ಕಬ್ಬಿಣ ಹಸಿಯಾಗಿ ಕೂರದಿರಲಿ

ಮಾನ್ಯರೇ,

ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ಗೆ ಹಗಲಿರುಳು ದುಡಿದ ಡೀಸೆಲ್ ಇಂಜಿನ್‌ಗಳು ಮಳೆಗಾಲದಲ್ಲಿ ರಿಪೇರಿಗೆ ಬರುತ್ತವೆ. ಕೊಡಗಿನ ಸುಂಟಿಕೊಪ್ಪದ ಬಳಿ ಇಪ್ಪತ್ತೆಂಟು ವರ್ಷಗಳಿಂದ ನನಗೆ ಇದೇ ಕೆಲಸ. ದುಡಿದು ಸವೆದ ಇಂಜಿನ್ ಕಂಡರೆ ನನಗೆ ಬೇಸರವಿಲ್ಲ. ಚೆನ್ನಾಗಿದ್ದುದನ್ನು ತೊಳೆದು ಕೆಡಿಸಿದ್ದು ಕಂಡಾಗ ಹೊಟ್ಟೆ ಉರಿಯುತ್ತದೆ.

ಕಳೆದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಬೆಳೆಗಾರರೊಬ್ಬರು ಜೀಪಿನಲ್ಲಿ ಇಂಜಿನ್‌ನ ಸಿಲಿಂಡರ್ ಬ್ಲಾಕ್ ತಂದರು. ಮನೆಯಲ್ಲೇ ಸೋಪಿನ ಪುಡಿ ಹಾಕಿ ತೊಳೆಸಿ, ಧೂಳು ಕೂರದಿರಲೆಂದು ಗೊಬ್ಬರದ ಖಾಲಿ ಚೀಲದಲ್ಲಿ ಕಟ್ಟಿ ಮೂರು ವಾರ ಇಟ್ಟಿದ್ದರಂತೆ. ಚೀಲ ಬಿಚ್ಚಿದರೆ ಒಳಗೆಲ್ಲ ನೀರಿನ ಹನಿ. ಪಿಸ್ಟನ್ ಓಡಾಡುವ ಕೊಳವೆಯಾದ ಬೋರಿನೊಳಗೆ ಬಿಳಿ ಬಟ್ಟೆ ಆಡಿಸಿದೆ, ಅರಿಸಿನ ಕಲಸಿದಂತೆ ಬಣ್ಣ ಹತ್ತಿತು. ಉಜ್ಜಿ ತೆಗೆದ ಮೇಲೆ ಉಗುರಿಗೆ ತಡೆಯುವ ಸಣ್ಣ ಸಣ್ಣ ಗುಳಿಗಳು, ಅದೂ ಪಿಸ್ಟನ್ ರಿಂಗ್ ಉಜ್ಜುತ್ತ ಓಡಾಡುವ ಜಾಗದಲ್ಲೇ. ಬೋರ್ ಕೊರೆಸಿ ಅಗಲ ಮಾಡಿಸಿ, ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್ ಹಾಕದೆ ದಾರಿಯಿರಲಿಲ್ಲ.

ಬ್ಲಾಕ್ ಎರಕ ಹೊಯ್ದ ಬೀಡು ಕಬ್ಬಿಣದ್ದು. ಅದರ ಎಣ್ಣೆ ಪಸೆ ಹೋಗಿ ಮೈ ಒದ್ದೆಯಾಗಿದ್ದರೆ ಕೆಲವೇ ನಿಮಿಷಗಳಲ್ಲಿ ತುಕ್ಕು ಏಳುತ್ತದೆ. ಹಾಗೆಂದು ನೀರೇ ಬೇಡವೆನ್ನಲಾರೆ. ಬೋರಿನ ಒಳಮೈಯನ್ನು ಸಾಣೆಕಲ್ಲಿನಿಂದ ಉಜ್ಜುವ ಹೋನಿಂಗ್ ಆದ ಮೇಲೆ ಗೀರುಗಳಲ್ಲಿ ಕೂತ ಸಾಣೆಪುಡಿ ಡೀಸೆಲ್‌ಗೆ ಪೂರ್ತಿ ಬಿಡುವುದಿಲ್ಲ, ಸೋಪು ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಲೇಬೇಕು. ಕೊನೆಯ ನೀರು ಮಾತ್ರ ಚೆನ್ನಾಗಿ ಕಾದಿರಲಿ. ಕಬ್ಬಿಣ ಬಿಸಿಯಾದರೆ ಬೇಗ ಆರುತ್ತದೆ. ಬೋಲ್ಟ್ ತೂತುಗಳಲ್ಲಿ, ಆಯಿಲ್ ದಾರಿಗಳಲ್ಲಿ ನೀರು ಅಡಗಿ ಕೂರುತ್ತದೆ, ಅಲ್ಲಿಗೆ ಕಂಪ್ರೆಸರ್ ಗಾಳಿ ಹಿಡಿಯಬೇಕು. ಒಡನೆಯೇ ಹೊಸ ಇಂಜಿನ್ ಆಯಿಲಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಬೋರ್ ಒರೆಸಿ. ಬಟ್ಟೆ ಬೂದು ಬಣ್ಣವಾದರೆ ಇನ್ನೂ ಪುಡಿ ಉಳಿದಿದೆ ಎಂದರ್ಥ, ಮತ್ತೆ ತೊಳೆಯಿರಿ. ಊಟಕ್ಕೆ ಹೋಗಿ ಬಂದು ಎಣ್ಣೆ ಹಚ್ಚುತ್ತೇನೆ ಎನ್ನಬೇಡಿ. ನೀರು ಕಾಯಿಸುವ ಮೊದಲೇ ಆಯಿಲ್ ಡಬ್ಬ ಪಕ್ಕದಲ್ಲಿರಬೇಕು. ಎಣ್ಣೆ ಹಚ್ಚಿಯಾದ ಮೇಲೆ ಒಣಗಿದ, ಶುಚಿಯಾದ ಪ್ಲಾಸ್ಟಿಕ್ ಸುತ್ತಿದರೆ ತೊಂದರೆಯಿಲ್ಲ.

ತುಕ್ಕು ತೆಗೆಯಲು ಶೌಚಾಲಯ ತೊಳೆಯುವ ಆಸಿಡ್ ಸುರಿಯುವವರೂ ಇದ್ದಾರೆ. ದಯವಿಟ್ಟು ಬೇಡ. ಅದರ ಹೊಗೆಗೆ ಪಕ್ಕದಲ್ಲಿಟ್ಟ ಸ್ಪ್ಯಾನರ್‌ಗಳಿಗೂ ತುಕ್ಕು ಹಿಡಿಯುತ್ತದೆ.

ಬೆಳೆಗಾರರ ಸಂಘಗಳಲ್ಲಿ ನನ್ನದೊಂದು ಕೋರಿಕೆ. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ತೋಟದ ಇಂಜಿನ್ ನೋಡಿಕೊಳ್ಳುವ ಹುಡುಗರನ್ನು ಅರ್ಧ ದಿನ ಒಂದೆಡೆ ಸೇರಿಸಿ. ಹಳೆಯ ಬ್ಲಾಕ್, ಬ್ರಷ್, ಆಯಿಲ್ ನಾನೇ ತರುತ್ತೇನೆ. ಅವರ ಕೈಯಿಂದಲೇ ತೊಳೆಸಿ ಕಲಿಸುತ್ತೇನೆ. ಕೂಲಿ ಬೇಡ, ಒಂದು ಹಂಡೆ ಬಿಸಿನೀರು ಕಾಯಿಸಿಟ್ಟರೆ ಸಾಕು.

— ಒಬ್ಬ ಮೆಕ್ಯಾನಿಕ್, ಸುಂಟಿಕೊಪ್ಪ