‘ಫ್ರೀ ವೀಸಾ’ ಎಂಬ ವೀಸಾ ಸೌದಿಯಲ್ಲಿ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಗಲ್ಫ್‌ಗೆ ಹೋಗುವ ಹುಡುಗರ ಬಗ್ಗೆ ಒಂದು ಪತ್ರ ಬಂದಿತ್ತು. ಅಲ್ಲಿ ಹೋಗಿ ಮಾಲೀಕನನ್ನು ಬಿಟ್ಟು ಓಡಿಹೋಗುತ್ತಾರೆ, ಸಿಕ್ಕಿಬಿದ್ದ ಮೇಲೆ ಸರ್ಕಾರ ಬಿಡಿಸಬೇಕು ಎನ್ನುತ್ತಾರೆ, ಒಪ್ಪಿಕೊಂಡ ಕೆಲಸವನ್ನು ಸುಮ್ನೆ ಮಾಡಿಕೊಂಡು ಇರಬಾರದಾ ಎಂದು ಬರೆದಿದ್ದರು. ಆ ಪತ್ರವನ್ನು ಎರಡು ಸಲ ಓದಿದೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಕೆಲಸದ ಪರ್ಮಿಟ್ ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಯಾರಿಗಾದರೂ ಹಾಗೆಯೇ ಕಾಣುತ್ತದೆ. 2008ರಲ್ಲಿ ವಿಮಾನ ಹತ್ತುವಾಗ ನನಗೂ ಗೊತ್ತಿರಲಿಲ್ಲ.

ನಾನು ಕುಂದಾಪುರ ತಾಲೂಕಿನವನು. ಸೌದಿ ಅರೇಬಿಯಾದಲ್ಲಿ 11 ವರ್ಷ ಇದ್ದು 2019ರಲ್ಲಿ ಊರಿಗೆ ಬಂದೆ. ಹೋಗುವಾಗ ನನಗೆ 23 ವರ್ಷ. ನಮ್ಮ ಕಡೆಯವರೇ ಆದ ಏಜೆಂಟ್ ಒಬ್ಬರು ‘ಫ್ರೀ ವೀಸಾ ಇದೆ, ಒಂದು ಲಕ್ಷದ ಹತ್ತು ಸಾವಿರ’ ಎಂದರು. ಫ್ರೀ ಎಂದರೆ ಅಷ್ಟು ದುಡ್ಡು ಯಾಕೆ ಎಂದು ಅಮ್ಮ ಕೇಳಿದಳು. ‘ಫ್ರೀ ಅಂದ್ರೆ ಅಲ್ಲಿ ಹೋಗಿ ಎಲ್ಲಿ ಬೇಕಾದರೂ, ಯಾವ ಕೆಲಸ ಬೇಕಾದರೂ ಮಾಡಬಹುದು, ಯಾರ ಕೈಕೆಳಗೂ ಇರಬೇಕಿಲ್ಲ’ ಎಂದರು. ಅಮ್ಮನ ಬಳೆ, ಸರ ಸೊಸೈಟಿಯಲ್ಲಿ ಅಡ ಹೋಯಿತು.

ಈ ಒಂದು ಮಾತನ್ನು ಬಿಡಿಸಿ ಹೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಕೆಲಸಕ್ಕೆ ಹೋಗುವವನ ವೀಸಾ ಅಲ್ಲಿ ಒಬ್ಬ ಮಾಲೀಕನ ಹೆಸರಿನಲ್ಲೇ ಹುಟ್ಟುತ್ತದೆ. ತನಗೆ ಇಂಥ ಕೆಲಸಕ್ಕೆ ಇಷ್ಟು ಜನ ಬೇಕು ಎಂದು ಅವನು ಅಲ್ಲಿನ ಸರ್ಕಾರದ ಹತ್ತಿರ ವೀಸಾ ಪಡೆಯುತ್ತಾನೆ. ಇಲ್ಲಿನ ಏಜೆಂಟ್‌ಗೆ ಒಂದು ಒಪ್ಪಿಗೆ ಪತ್ರ ಕಳಿಸುತ್ತಾನೆ. ಅದಕ್ಕೆ ವಕಾಲಾ ಎನ್ನುತ್ತಾರೆ. ಆಮೇಲೆ ಮೆಡಿಕಲ್, ಪಾಸ್‌ಪೋರ್ಟಿಗೆ ವೀಸಾ ಅಂಟಿಸುವ ಸ್ಟಾಂಪಿಂಗ್, ಪ್ರಯಾಣ. ಹೋಗಿ ಇಳಿದ ಮೇಲೆ ಇಕಾಮಾ ಕಾರ್ಡ್, ಅಂದರೆ ಅಲ್ಲಿ ಇರಲು ಬೇಕಾದ ವಾಸದ ಪರವಾನಗಿ, ಮಾಡಿಸಿಕೊಡುವವನೂ ಅವನೇ. ಆ ಕಾರ್ಡಿನಲ್ಲಿ ನಿಮ್ಮ ಹೆಸರು, ನಿಮ್ಮ ಕೆಲಸ, ಅವನ ಹೆಸರು ಮೂರೂ ಇರುತ್ತವೆ. ಅವನನ್ನೇ ಕಫೀಲ್ ಎನ್ನುವುದು, ಅಂದರೆ ಜಾಮೀನು ನಿಂತವನು. ಕಫೀಲ್ ಇಲ್ಲದ ಕೆಲಸದ ವೀಸಾ ಇಲ್ಲ.

ಹಾಗಾದರೆ ಏಜೆಂಟ್ ಮಾರುವ ‘ಫ್ರೀ ವೀಸಾ’ ಯಾವುದು? ತನಗೆ ಬೇಡದ ಆಳಿನ ಹೆಸರಲ್ಲಿ ವೀಸಾ ಪಡೆದವನೊಬ್ಬ ಅದನ್ನು ಮಾರುತ್ತಾನೆ. ಕೊಂಡವನು ಹೊರಗೆ ಎಲ್ಲೋ ದುಡಿಯುತ್ತಾನೆ. ಇಕಾಮಾದಲ್ಲಿ ಹೆಸರಿರುವವನ ಹತ್ತಿರ ಮಾತ್ರ ಕೆಲಸ ಮಾಡಬೇಕು ಎಂದು ಸೌದಿ ಕಾರ್ಮಿಕ ಕಾನೂನಿನ 39ನೇ ವಿಧಿ ಹೇಳುತ್ತದೆ. ಆಳನ್ನು ಹೊರಗೆ ಬಿಡುವ ಮಾಲೀಕನೂ, ಹೊರಗೆ ದುಡಿಯುವ ಆಳೂ ಇಬ್ಬರೂ ತಪ್ಪಿತಸ್ಥರು. ಆದರೆ ಪೊಲೀಸರು ಅಂಗಡಿಗೆ ಬಂದಾಗ ಕೈಗೆ ಸಿಗುವುದು ಆಳು.

ನನ್ನ ವಿಷಯಕ್ಕೆ ಬರುತ್ತೇನೆ. ಪಾಸ್‌ಪೋರ್ಟಿನ ಮೇಲೆ ಅಂಟಿಸಿದ್ದ ಅರೇಬಿಕ್ ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ. ದಮ್ಮಾಮ್‌ನಲ್ಲಿ ಇಳಿದು ಒಂದು ಬೂಫಿಯಾದಲ್ಲಿ, ಅಂದರೆ ಚಹಾ ಮತ್ತು ಸ್ಯಾಂಡ್‌ವಿಚ್ ಮಾರುವ ಸಣ್ಣ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ನನ್ನ ವೀಸಾದಲ್ಲಿ ಬರೆದಿರುವುದು ‘ಮುಝಾರಿ’ ಎಂದು ಅಲ್ಲಿದ್ದ ಕೇರಳದ ಅಣ್ಣ ಒಬ್ಬರು ಓದಿ ಹೇಳಿದರು. ತೋಟದ ಕೆಲಸದವನು ಎಂದರ್ಥ. ಕಫೀಲ್ ಇದ್ದದ್ದು ಅಲ್ ಅಹ್ಸಾದ ಹುಫೂಫ್‌ನಲ್ಲಿ. ಖರ್ಜೂರದ ತೋಟಗಳ ಊರು ಅದು. ನಾನು ಚಹಾ ಕಾಯಿಸುತ್ತಿದ್ದ ಅಂಗಡಿಗೂ ಅವರ ತೋಟಕ್ಕೂ ನೂರು ಕಿಲೋಮೀಟರಿಗಿಂತ ಜಾಸ್ತಿ. ಆ ತೋಟವನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಅಂಗಡಿಯಲ್ಲಿ ತಿಂಗಳಿಗೆ 1,400 ರಿಯಾಲ್ ಸಿಗುತ್ತಿತ್ತು. ಅದರಲ್ಲಿ 300 ರಿಯಾಲ್ ತಿಂಗಳು ತಿಂಗಳೂ ಕಫೀಲ್‌ಗೆ. ವರ್ಷಕ್ಕೊಮ್ಮೆ ಇಕಾಮಾ ನವೀಕರಣಕ್ಕೆ ಅವರು ಹೇಳಿದಷ್ಟು ಕೊಡಬೇಕು. ರೂಮಿನ ಬಾಡಿಗೆ, ಊಟ ನನ್ನದೇ. ಆಗ ಒಂದು ರಿಯಾಲ್‌ಗೆ ಹನ್ನೊಂದು, ಹನ್ನೆರಡು ರೂಪಾಯಿ. ಸೊಸೈಟಿಯ ಬಡ್ಡಿ ತೀರಿಸಿ ಬಳೆ ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು.

ಅದೇ ಸೌದಿ ಕಾನೂನಿನ 40ನೇ ವಿಧಿಯಲ್ಲಿ ಏನಿದೆ ಎಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಹೊರದೇಶದಿಂದ ಕರೆಸಿಕೊಳ್ಳುವ ಖರ್ಚು, ಇಕಾಮಾ ಮತ್ತು ವರ್ಕ್ ಪರ್ಮಿಟ್ ಮಾಡಿಸುವ ಖರ್ಚು, ಅವುಗಳ ನವೀಕರಣ, ಊರಿಗೆ ಹೋಗಿ ಬರುವ ಎಕ್ಸಿಟ್ ರೀ ಎಂಟ್ರಿ, ಕೆಲಸ ಮುಗಿದ ಮೇಲೆ ವಾಪಸ್ ಟಿಕೆಟ್, ಇವೆಲ್ಲ ಮಾಲೀಕನದೇ ಎಂದು ಅದರಲ್ಲಿ ಬರೆದಿದೆ. ನಿಜವಾದ ಫ್ರೀ ಎಂದರೆ ಇದು. ದೊಡ್ಡ ಕಂಪೆನಿಗಳ ಜಾಹೀರಾತಿನಲ್ಲಿ ‘ಫ್ರೀ ವೀಸಾ, ಫ್ರೀ ಟಿಕೆಟ್’ ಎಂದಿದ್ದರೆ ಅದಕ್ಕೆ ಈ ಅರ್ಥ. ಏಜೆಂಟ್ ಮಾರುವ ‘ಫ್ರೀ ವೀಸಾ’ಕ್ಕೆ ಇದರ ತದ್ವಿರುದ್ಧ ಅರ್ಥ. ಶಬ್ದ ಎರಡಕ್ಕೂ ಒಂದೇ ಆಗಿರುವುದರಿಂದ ಎಷ್ಟು ಮನೆಗಳ ಬಂಗಾರ ಹೋಗಿದೆಯೋ!

2011ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಬೆಳಗಿನ ನಮಾಜಿನ ಹೊತ್ತಿಗೆ ಅಕ್ಕನ ಫೋನ್ ಬಂತು. ಆಗ ಎಕ್ಸಿಟ್ ರೀ ಎಂಟ್ರಿ ಕೊಡಿಸುವುದು ಕಫೀಲ್ ಕೈಯಲ್ಲಿತ್ತು. ನನ್ನ ಪಾಸ್‌ಪೋರ್ಟ್ ಕೂಡ ಅವರ ಹತ್ತಿರವೇ ಇತ್ತು. ಹಾಗೆ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೂ ವಿರುದ್ಧ ಎಂದು ನನಗೆ ಹೇಳಿದವರಿಲ್ಲ. ನಾಲ್ಕು ದಿನ ಅವರು ಫೋನ್ ಎತ್ತಲಿಲ್ಲ. ಐದನೇ ದಿನ ಎತ್ತಿ 2,000 ರಿಯಾಲ್ ಕೇಳಿದರು. ಅಂಗಡಿಯ ಹುಡುಗರೆಲ್ಲ ಸೇರಿ ಕೊಟ್ಟರು. ನಾನು ಮಂಗಳೂರಿನಲ್ಲಿ ಇಳಿಯುವಾಗ ಅಪ್ಪ ಹೋಗಿ ಹತ್ತು ದಿನ ಆಗಿತ್ತು. ಚಿತೆಗೆ ಬೆಂಕಿ ಇಟ್ಟವನು ಚಿಕ್ಕಪ್ಪನ ಮಗ.

ಆ ನಾಲ್ಕು ದಿನದಲ್ಲಿ ನಾನು ಜಗಳ ಆಡಬಹುದಿತ್ತು, ದೂರು ಕೊಡಬಹುದಿತ್ತು ಎಂದು ಆಮೇಲೆ ತುಂಬಾ ಜನ ಹೇಳಿದರು. ಆಗಲಿಲ್ಲ. ಯಾಕೆಂದರೆ ‘ಹುರೂಬ್ ಹಾಕುತ್ತೇನೆ’ ಎಂಬ ಒಂದು ಮಾತು ಇತ್ತು. ಹುರೂಬ್ ಎಂದರೆ ಓಡಿಹೋಗುವುದು. ಈ ಆಳು ನನ್ನ ಬಳಿ ಇಲ್ಲ, ತಪ್ಪಿಸಿಕೊಂಡಿದ್ದಾನೆ ಎಂದು ಕಫೀಲ್ ಬರೆಸಿದರೆ ಆಗ ಸಾಕಿತ್ತು. ಆಮೇಲೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ, ತಾನಾಗಿ ಊರಿಗೆ ಹೋಗುವಂತಿರಲಿಲ್ಲ, ಸಿಕ್ಕಿಬಿದ್ದರೆ ಜೈಲು, ಗಡಿಪಾರು. ನನ್ನನ್ನು ಹೊರಗೆ ದುಡಿಯಲು ಬಿಟ್ಟವರೇ ಅವರು. ಅದಕ್ಕೆ ತಿಂಗಳಿಗೆ 300 ರಿಯಾಲ್ ತೆಗೆದುಕೊಳ್ಳುತ್ತಿದ್ದವರೂ ಅವರೇ. ಆದರೂ ಕಾಗದದಲ್ಲಿ ಓಡಿಹೋದವನು ನಾನೇ ಆಗುತ್ತಿದ್ದೆ. ನಿಮ್ಮ ಪುಟದಲ್ಲಿ ಪತ್ರ ಬರೆದವರು ಇದೊಂದನ್ನು ಯೋಚಿಸಬೇಕು. ‘ಓಡಿಹೋದ’ ಎಂದು ಸುದ್ದಿಯಲ್ಲಿ ಓದುವ ಎಷ್ಟೋ ಹುಡುಗರು ಎಲ್ಲಿಗೂ ಓಡಿರುವುದಿಲ್ಲ. ಸಂಬಳ ಕೇಳಿರುತ್ತಾರೆ, ಅಥವಾ ತಿಂಗಳ ಕಂತು ಕೊಡಲು ಆಗಿರುವುದಿಲ್ಲ.

ನನ್ನ ಪುಣ್ಯಕ್ಕೆ 2013 ಬಂತು. ನಿತಾಕತ್ ಎಂಬ ನಿಯಮದ ಹೆಸರು ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೂ ನೆನಪಿರಬಹುದು. ಸೌದಿಯವರಿಗೆ ಎಷ್ಟು ಕೆಲಸ ಕೊಟ್ಟಿದ್ದಾರೆ ಎಂದು ನೋಡಿ ಕಂಪೆನಿಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ ಕೊಡುತ್ತಿದ್ದರು. ಆ ವರ್ಷ ಏಪ್ರಿಲ್‌ನಿಂದ ನವೆಂಬರ್ ಮೊದಲ ವಾರದವರೆಗೆ ಎಲ್ಲರೂ ಕಾಗದ ಸರಿ ಮಾಡಿಕೊಳ್ಳಲಿ ಎಂದು ಅವಕಾಶ ಕೊಟ್ಟರು. ಹಳೆಯ ಕಫೀಲ್ ಒಪ್ಪದಿದ್ದರೂ, ಸಾಕಷ್ಟು ಸೌದಿಯವರಿಗೆ ಕೆಲಸ ಕೊಟ್ಟ ಹಸಿರು ಕಂಪೆನಿಗೆ ಹೋಗಬಹುದಿತ್ತು. ಒಂದು ಲಕ್ಷಕ್ಕೂ ಜಾಸ್ತಿ ಭಾರತೀಯರು ಆಗ ಊರಿಗೆ ವಾಪಸಾದರು. ಅವರಲ್ಲಿ ನನ್ನ ಜೊತೆ ಬೂಫಿಯಾದಲ್ಲಿದ್ದ ಇಬ್ಬರೂ ಇದ್ದರು. ಕಾರ್ಮಿಕ ಕಚೇರಿಯ ಮುಂದೆ ಬಿಸಿಲಿನಲ್ಲಿ ಮೂರು ದಿನ ಸಾಲಿನಲ್ಲಿ ನಿಂತು ನಾನು ಜುಬೈಲ್‌ನ ಒಂದು ಕಂಪೆನಿಯ ಹೆಸರಿಗೆ ಇಕಾಮಾ ಬದಲಾಯಿಸಿಕೊಂಡೆ. ಇಕಾಮಾದಲ್ಲಿ ಮೊದಲ ಬಾರಿ ನಾನು ಮಾಡುವ ಕೆಲಸವೇ ಬರೆದಿತ್ತು. ಇಕಾಮಾ ದುಡ್ಡು ಕಂಪೆನಿಯದು, ಎರಡು ವರ್ಷಕ್ಕೊಮ್ಮೆ ಟಿಕೆಟ್ ಕಂಪೆನಿಯದು. ದೇಶ ಅದೇ, ಕಾನೂನು ಅದೇ, ನಾನೂ ಅದೇ ಮನುಷ್ಯ. ಜಾಮೀನು ನಿಂತವರು ಮಾತ್ರ ಬೇರೆ.

ಈಗ ಕೆಲವು ನಿಯಮ ಬದಲಾಗಿವೆ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. 2021ರ ಮಾರ್ಚ್ 14ರಿಂದ ಸೌದಿಯಲ್ಲಿ ಕಂಪೆನಿ ಕೆಲಸದವರು ಒಂದು ವರ್ಷ ದುಡಿದ ಮೇಲೆ ನೋಟಿಸ್ ಕೊಟ್ಟು, ಮಾಲೀಕನ ಒಪ್ಪಿಗೆ ಇಲ್ಲದೆ ಬೇರೆ ಕಡೆ ಹೋಗಬಹುದು. ಮೂರು ತಿಂಗಳು ಸಂಬಳ ಕೊಡದಿದ್ದರೆ, ಅಥವಾ ಇಕಾಮಾ ಅವಧಿ ಮುಗಿಯಲು ಬಿಟ್ಟರೆ ಒಂದು ವರ್ಷ ಕಾಯಬೇಕಾಗಿಯೂ ಇಲ್ಲ. ಊರಿಗೆ ಹೋಗುವ ಎಕ್ಸಿಟ್ ರೀ ಎಂಟ್ರಿಯನ್ನು ಅಲ್ಲಿನ ಸರ್ಕಾರದ ಅಬ್ಶಿರ್ ಆ್ಯಪ್‌ನಲ್ಲಿ ತಾವೇ ಹಾಕಿಕೊಳ್ಳಬಹುದು. ಕತಾರ್ 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಬೇಕೆಂಬ ನಿಯಮ ತೆಗೆಯಿತು. ಆದರೆ ಕುವೈತ್‌ನಲ್ಲಿ 2025ರ ಜುಲೈ 1ರಿಂದ ಖಾಸಗಿ ಕಂಪೆನಿಯ ಹೊರದೇಶದವರು ದೇಶ ಬಿಡುವ ಮೊದಲು ಮಾಲೀಕನ ಒಪ್ಪಿಗೆ ಪಡೆಯಬೇಕೆಂದು ಹೊಸದಾಗಿ ಮಾಡಿದ್ದಾರೆ. ಆದ್ದರಿಂದ ಎಲ್ಲ ಗಲ್ಫ್ ಒಂದೇ ಎಂದು ತಿಳಿಯಬಾರದು.

ಮುಖ್ಯ ಮಾತು ಇಲ್ಲಿದೆ. ಸೌದಿಯ 2021ರ ಆ ಸುಧಾರಣೆಯಿಂದ ಮನೆಗೆಲಸದವರು, ಹೌಸ್ ಡ್ರೈವರ್, ತೋಟದ ಕೆಲಸದವರು, ಕುರಿ ಕಾಯುವವರನ್ನು ಹೊರಗಿಟ್ಟರು. ನಮ್ಮ ಊರುಗಳಲ್ಲಿ ‘ಫ್ರೀ ವೀಸಾ’ ಎಂದು ಮಾರುವ ಕಾಗದ ನೋಡಿದರೆ ಹೆಚ್ಚಿನವು ಇವೇ ಕೆಲಸದವು. ಕಳೆದ ತಿಂಗಳು ನನ್ನ ಅಕ್ಕನ ಮಗನಿಗೆ 2,40,000 ರೂಪಾಯಿಗೆ ಒಂದು ‘ಫ್ರೀ ವೀಸಾ’ ಬಂತು. ಸೂಪರ್ ಮಾರ್ಕೆಟ್‌ನಲ್ಲಿ ಕೆಲಸ ಎಂದು ಹೇಳಿದ್ದರು. ಅವನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಕಾಲಾ ಕಾಗದ ಓದಿದೆ. ‘ಸಾಯಿಕ್ ಖಾಸ್’ ಎಂದಿತ್ತು. ಮನೆಯ ಡ್ರೈವರ್. ಅವನಿಗೆ ಕಾರು ಬಿಡಲು ಬರುವುದಿಲ್ಲ.

ಅವನ ಹತ್ತಿರ ಕೇಳಿದೆ, ಇದನ್ನು ಎಲ್ಲೂ ಪರೀಕ್ಷೆ ಮಾಡುವುದಿಲ್ಲವಾ ಎಂದು. ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದವರು ಸೌದಿ, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಭಾರತ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಬೇಕು. ಅದಕ್ಕಿರುವ ಸರ್ಕಾರದ ಇ–ಮೈಗ್ರೇಟ್ ತಾಣದಲ್ಲಿ ಮಾಲೀಕ ಯಾರು, ಕೆಲಸ ಏನು, ಸಂಬಳ ಎಷ್ಟು ಎಂದು ದಾಖಲಾಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಅದು ಬೇಕಾಗಿಲ್ಲ. ನಾನೂ ಪಾಸು, ಅವನೂ ಪಾಸು. ಓದಿದವನಿಗೆ ತಿಳಿವಳಿಕೆ ಇರುತ್ತದೆ ಎಂದು ಬಿಟ್ಟಿದ್ದಾರೆ. ಅರೇಬಿಕ್ ಕಾಗದದ ಮುಂದೆ ನಮ್ಮ ಎಸ್ಸೆಸ್ಸೆಲ್ಸಿ ಏನು ಮಾಡುತ್ತದೆ, ಹೇಳಿ. ಈಗ ಒಂದು ಅನುಕೂಲ ಇದೆ. ಫೋನಿನ ಕ್ಯಾಮೆರಾ ಹಿಡಿದರೆ ಅರೇಬಿಕ್ ಬರಹ ಕನ್ನಡಕ್ಕೆ ಬರುತ್ತದೆ. ದುಡ್ಡು ಕೊಡುವ ಮೊದಲು ಎರಡೇ ಎರಡು ಸಾಲು ಓದಿಕೊಳ್ಳಿ: ಮಾಲೀಕನ ಹೆಸರು ಮತ್ತು ಕೆಲಸದ ಹೆಸರು. ಆ ಮಾಲೀಕನ ಹತ್ತಿರ ಆ ಕೆಲಸವನ್ನೇ ಮಾಡಲು ಹೋಗುತ್ತಿದ್ದೀರಾ? ಅಲ್ಲ ಎಂದಾದರೆ ಅಲ್ಲಿಗೇ ನಿಲ್ಲಿಸಿ.

ದುಡ್ಡಿನ ವಿಷಯಕ್ಕೂ ಮಿತಿ ಇದೆ. ನೋಂದಾಯಿತ ಏಜೆಂಟ್ ಕೆಲಸಕ್ಕೆ ಹೋಗುವವನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೊಡಬೇಕು. ನೋಂದಣಿ ಇಲ್ಲದೆ ಜನರನ್ನು ಹೊರದೇಶಕ್ಕೆ ಕಳಿಸುವುದು 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಅಪರಾಧ. ಯಾರು ನೋಂದಾಯಿತರು ಎಂದು ಇ–ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಹೋದ ಮೇಲೆ ತೊಂದರೆ ಆದರೆ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ಕೊಡಬಹುದು, ರಾಯಭಾರ ಕಚೇರಿ ಅದನ್ನು ನೋಡುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಕೆಳಗೆ ಗಲ್ಫ್ ಕೆಲಸದ ಸಣ್ಣ ಜಾಹೀರಾತು ಬರುತ್ತವೆ. ಕೆಲವಕ್ಕೆ ಒಂದು ಮೊಬೈಲ್ ನಂಬರ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಏಜೆಂಟ್‌ನ ನೋಂದಣಿ ಸಂಖ್ಯೆ ಇಲ್ಲದ ಜಾಹೀರಾತನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಸಂಖ್ಯೆ ಇದ್ದರೆ ಅದನ್ನೂ ಅಚ್ಚು ಹಾಕಿ. ಮನೆಯಲ್ಲಿ ಯಾರಾದರೂ ಒಬ್ಬರು ಫೋನಿನಲ್ಲಿ ಹಾಕಿ ನೋಡುತ್ತಾರೆ. 2008ರಲ್ಲಿ ಹಾಗೆ ನೋಡಲು ನಮ್ಮ ಮನೆಯಲ್ಲಿ ದಾರಿ ಇರಲಿಲ್ಲ. ಅಮ್ಮ ಕೇಳಿದ ಒಂದು ಪ್ರಶ್ನೆ ಮಾತ್ರ ಇತ್ತು, ಅದಕ್ಕೆ ಉತ್ತರ ಕೊಟ್ಟವರು ಏಜೆಂಟ್.

ಅಕ್ಕನ ಮಗ ಇನ್ನೂ ಮುಂಗಡ ಕೊಟ್ಟಿಲ್ಲ. ಭಾನುವಾರ ನಮ್ಮ ಮನೆಗೆ ಬರಲು ಹೇಳಿದ್ದೇನೆ. ನನ್ನ ಹಳೆಯ ಎರಡು ಇಕಾಮಾ ಕಾರ್ಡುಗಳನ್ನೂ ತೆಗೆದಿಟ್ಟಿದ್ದೇನೆ, ಹುಫೂಫ್‌ನದ್ದು ಮತ್ತು ಜುಬೈಲ್‌ನದ್ದು. ಪಕ್ಕದಲ್ಲಿಟ್ಟು ತೋರಿಸುತ್ತೇನೆ.

ಏಜೆಂಟ್ ನಮ್ಮೂರಿನವರೇ ಆಗಿರುವುದರಿಂದ ನನ್ನ ಹೆಸರು ಅಚ್ಚು ಹಾಕಬೇಡಿ ಎಂದು ವಿನಂತಿ.

– ಸೌದಿಯಿಂದ ಮರಳಿದ ಒಬ್ಬ ಓದುಗ, ಕುಂದಾಪುರ ತಾಲೂಕು