ಕೊಟೇಶನ್‌ನಲ್ಲಿ ಮೋನೊ, ಟೆರೇಸ್ ಮೇಲೆ ಪಾಲಿ: ಬದಲಾಯಿಸಿ ಕೊಡಿ

ಮ್ಯಾನೇಜರ್ ಅವರಿಗೆ ನಮಸ್ಕಾರ,

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ನೀವು ಕೊಟ್ಟ ಕೊಟೇಶನ್‌ನಲ್ಲಿ 540 ವ್ಯಾಟ್‌ನ 6 ಮೋನೊ ಪರ್ಕ್ (ಒಂದೇ ಸಿಲಿಕಾನ್ ಹರಳಿನ ಸೆಲ್ ಇರುವ) ಸೋಲಾರ್ ಪ್ಯಾನೆಲ್ ಅಂತ ಇದೆ. ನಿಮ್ಮ ಹುಡುಗರು ಕೂರಿಸಿ ಹೋಗಿರುವುದು 335 ವ್ಯಾಟ್‌ನ 9 ನೀಲಿ ಪಾಲಿ (ಹಲವು ಹರಳು ಸೇರಿದ ಸೆಲ್ ಇರುವ) ಪ್ಯಾನೆಲ್. ಫೋನ್ ಮಾಡಿದರೆ "ಎರಡೂ 3 ಕಿಲೋವ್ಯಾಟೇ ಸಾರ್, ಕರೆಂಟ್ ಬಂದರೆ ಸಾಕಲ್ವಾ" ಅನ್ನುತ್ತಾರೆ. ಸಾಕಾಗುವುದಿಲ್ಲ.

3,240 ವ್ಯಾಟ್ ಇರಬೇಕಾದ ಕಡೆ 3,015 ಇದೆ. ಪಾಲಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅಷ್ಟೇ ವ್ಯಾಟ್ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಯೂನಿಟ್ ಕೊಡುತ್ತದೆ, ಜಾಗ ಬೇಕಾದಷ್ಟಿರುವ ಹೊಲದಲ್ಲಿ ಪಂಪ್‌ಸೆಟ್‌ಗೆ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಬಿದ್ದ ಬಿಸಿಲಲ್ಲಿ ಪಾಲಿ ಶೇ. 16-17ರಷ್ಟನ್ನು ಕರೆಂಟ್ ಮಾಡಿದರೆ ಮೋನೊ ಪರ್ಕ್ ಶೇ. 20 ದಾಟುತ್ತದೆ. ಅದಕ್ಕೇ ಪಾಲಿಗೆ ಜಾಗ ಜಾಸ್ತಿ ಬೇಕು. ನಮ್ಮದು 30-40 ಸೈಟು. ಟೆರೇಸ್ ಮೇಲೆ ನೀರಿನ ಟ್ಯಾಂಕ್, ಸೋಲಾರ್ ವಾಟರ್ ಹೀಟರ್ ಮೊದಲೇ ಇವೆ. ಜಾಗ ಸಾಲದೆ ಒಂಬತ್ತನೇ ಪ್ಯಾನೆಲನ್ನು ಟ್ಯಾಂಕಿನ ನೆರಳಿಗೇ ಇಟ್ಟಿದ್ದಾರೆ, ಅಮ್ಮನಿಗೆ ಸಂಡಿಗೆ ಒಣಗಿಸಲೂ ಮೂಲೆ ಉಳಿದಿಲ್ಲ. ಒಂದೇ ಸಾಲಿನಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು ಬೀಳಬಹುದು ಅನ್ನುವುದು ಈ ಕೆಲಸ ಮಾಡುವವರಿಗೆ ಗೊತ್ತಿರಬೇಕು.

ಬೇಸಿಗೆಯ ಮಾತು ಬೇರೆ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯ ಲೆಕ್ಕ. ಅದರಾಚೆ ಒಂದೊಂದು ಡಿಗ್ರಿ ಏರಿದಂತೆ ಪಾಲಿ ಸುಮಾರು ಶೇ. 0.4 ಕಳೆದುಕೊಳ್ಳುತ್ತದೆ, ಮೋನೊ ಪರ್ಕ್ ಸ್ವಲ್ಪ ಕಡಿಮೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟಿದಾಗ ಇದೇನು ಸಣ್ಣ ನಷ್ಟವಲ್ಲ.

ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿಗೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಹಾಗೆ ಇಲ್ಲೇ ತಯಾರಾದದ್ದು ಅಂತ ತೋರಿಸುವ ಡಿಸಿಆರ್ ಸರ್ಟಿಫಿಕೇಟನ್ನೂ ನೀವು ಕೊಟ್ಟಿಲ್ಲ.

ಮಂಡ್ಯದ ನಮ್ಮ ಹಿಟ್ಟಿನ ಗಿರಣಿ ಮೇಲೆ ಮಾಡಿರುವ ಕೆಲಸ ನೋಡಿದರೆ ಇನ್ನೂ ಬೇಜಾರಾಗುತ್ತದೆ. ಹಿಂಬದಿಯಿಂದಲೂ ಕರೆಂಟ್ ಬರುತ್ತದೆ ಅಂತ ಬೈಫೇಶಿಯಲ್ ಪ್ಯಾನೆಲ್‌ಗೆ ಜಾಸ್ತಿ ದುಡ್ಡು ತೆಗೆದುಕೊಂಡಿರಿ, ಕೊನೆಗೆ ಚಾವಣಿಯ ಶೀಟಿಗೆ ಅಂಟಿಸಿದ ಹಾಗೆ ಕೂರಿಸಿದ್ದೀರಿ. ಹಿಂಬದಿಗೆ ಬೆಳಕು ಎಲ್ಲಿಂದ ಬರಬೇಕು? ಅಂಗಡಿ, ಗಿರಣಿಗೆ ಈ ಸಬ್ಸಿಡಿಯೂ ಇಲ್ಲ, ಪೂರ್ತಿ ನಮ್ಮ ಕೈಯಿಂದಲೇ ಹೋದ ದುಡ್ಡು ಅದು.

ಮನೆಯ ಪಾಲಿ ಪ್ಯಾನೆಲ್ ತೆಗೆದು ಕೊಟೇಶನ್‌ನಲ್ಲಿರುವ 6 ಮೋನೊ ಹಾಕಿ, ಅವುಗಳ ಸೀರಿಯಲ್ ನಂಬರ್ ಮತ್ತು ಸರ್ಟಿಫಿಕೇಟ್ ಕೊಡಿ. ಗಿರಣಿಯಲ್ಲಿ ಸ್ಟ್ರಕ್ಚರ್ ಎತ್ತರಿಸಿ, ಆಗದಿದ್ದರೆ ಬೈಫೇಶಿಯಲ್‌ಗೆ ಅಂತ ಜಾಸ್ತಿ ಪಡೆದ ಹಣ ವಾಪಸ್ ಮಾಡಿ. 15 ದಿನ ಕಾಯುತ್ತೇನೆ. ಅಲ್ಲಿಯವರೆಗೆ ಬಾಕಿ ಹಣ ಕೊಡುವುದಿಲ್ಲ, ನೆಟ್ ಮೀಟರ್ ಕಾಗದಕ್ಕೂ ಸಹಿ ಹಾಕುವುದಿಲ್ಲ. ಆಮೇಲೆ ಕೊಟೇಶನ್, ಫೋಟೋ ಎಲ್ಲ ಜೋಡಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.